ನಮ್ಮ ಅಂಗಳದ ನಾಲ್ಕು ಹಗೇವುಗಳು

ಜೂನ್ ೧೪, ೨೦೨೫. ಬೆಳಿಗ್ಗೆ ೬ ಗಂಟೆ ೨೦ ನಿಮಿಷ. ಸವಡಿ.

ನಮ್ಮ ಅಂಗಳದಲ್ಲಿ ಒಂದು ಹಗೇವು ಇದೆ. ಅದು ಎಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಮನೆಯವರೆಲ್ಲ ಒಪ್ಪುತ್ತಾರೆ. ಎರಡನೆಯದನ್ನು ಒಬ್ಬರೂ ಒಪ್ಪುವುದಿಲ್ಲ.

ಹಗೇವು ಅಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಹೊಟ್ಟೆ ಅಗಲ. ಒಳಗೋಡೆಗೆ ಹೊಟ್ಟು, ಜೋಳದ ಒಣದಂಟಿನ ಕಣಿಕೆ ಒತ್ತಿ ಜೋಳ ತುಂಬುತ್ತಿದ್ದರು. ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ, ಸೆಗಣಿ ಸಾರಿಸಿ ಅಂಗಳದ ಸಮಕ್ಕೆ ತರುತ್ತಿದ್ದರು. ಗುರುತು ಮಾತ್ರ ಇಡುತ್ತಿರಲಿಲ್ಲ. ಗುರುತಿಟ್ಟರೆ ಕಳ್ಳರನ್ನು ಕರೆದು ತೋರಿಸಿದ ಹಾಗೆ. ಮನೆಯವರಿಗೆ ನೆನಪಿದ್ದರೆ ಸಾಕು ಎಂಬುದು ಪದ್ಧತಿ. ಚೀಲ, ಗೋದಾಮು ಬಂದ ಮೇಲೆ ನಮ್ಮ ಅಜ್ಜ ಹಗೇವನ್ನು ಬರಿದು ಮಾಡಿ ಮುಚ್ಚಿದ. ಮುಂದೆ ಬೇಕಾದೀತು ಎಂದು ಒಳಗೆ ಮಣ್ಣು ತುಂಬಲಿಲ್ಲ. ಎಂದಿನ ಹಾಗೆ ಚಪ್ಪಡಿ ಹಾಕಿ ಮೆತ್ತಿ ಸಮ ಮಾಡಿದ. ಆಮೇಲೆ ಆತ ತೀರಿಕೊಂಡ. ಅಂಗಳಕ್ಕೆ ಎರಡು ಸಲ ಗರಸು ಮಣ್ಣು ಬಿತ್ತು, ಅದರ ಮೇಲೆ ಫರಸಿ ಕಲ್ಲಿನ ಹಾಸು ಬಂತು. ಅಜ್ಜ ಎಷ್ಟು ಚೊಕ್ಕವಾಗಿ ಮುಚ್ಚಿಟ್ಟಿದ್ದನೆಂದರೆ, ಕಳ್ಳರ ಜೊತೆಗೆ ವಾರಸುದಾರರಿಗೂ ಅದು ಸಿಗದ ಹಾಗಾಯಿತು.

ಈ ಜನವರಿಯ ತನಕ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಜನವರಿಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಬಚ್ಚಲಿಗೆಂದು ಅಂಗಳ ದಾಟುವಾಗ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ. ಆದರೆ ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕುಡಿದರೆ ಅಂಗಳ ದಾಟಬೇಕಲ್ಲ. ಫೆಬ್ರವರಿಯಲ್ಲಿ ಜ್ವರ ಬಂದು ರೋಣದ ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ನೀರು ಸಾಲದಿರುವುದೇ ಕಾರಣ ಎಂದರು. ಬಚ್ಚಲು, ಪಾಯಖಾನೆ ಹೊಂದಿಕೊಂಡಿರುವ ಒಂದು ಖೋಲಿ ಮಾಡಿಕೊಡಿ, ಮಳೆ ಹಿಡಿಯುವುದರೊಳಗೆ ಮಾಡಿ, ಹಸಿ ಫರಸಿಯ ಮೇಲೆ ಇನ್ನೊಮ್ಮೆ ಬಿದ್ದರೆ ಕಷ್ಟ ಎಂದೂ ಹೇಳಿದರು.

ಅಪ್ಪ ಬೆಳವಣಕಿಯಿಂದ ಮನೆ ಕಟ್ಟುವ ಗೌಂಡಿಯನ್ನು ಕರೆಸಿದ. ಗೌಂಡಿ ಟೇಪು ಹಿಡಿದು ಅಂಗಳದಲ್ಲಿ ನಿಂತು, ಹಳೆಯ ಮನೆಗೆ ಹೋದಲ್ಲೆಲ್ಲ ಕೇಳುವ ಪ್ರಶ್ನೆ ಕೇಳಿದ: ಹಗೇವು ಐತೇನ್ರಿ? ಅಪ್ಪ ಐತಿ ಅಂದ. ಎಲ್ಲೈತ್ರಿ ಎಂದಾಗ ಅಪ್ಪನ ಕೈ ಒಂದು ಕಡೆ ಹೋಯಿತು, ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ನನ್ನ ಕೈ ಇನ್ನೊಂದು ಕಡೆ ಹೋಯಿತು. ಗೌಂಡಿ ಎರಡೂ ಕೈಗಳನ್ನು ನೋಡಿ ಟೇಪು ಸುತ್ತಿಕೊಂಡ.

"ನಾಳೆ ಖೋಲಿ ಕುಸದ್ರ ಒಳಗ ಅಮ್ಮಾರು ಇರ್ತಾರ್ರಿ, ನಾ ಇರೂದಿಲ್ಲ. ಜಾಗಾ ಖಾತ್ರಿ ಮಾಡ್ರಿ. ಆಮ್ಯಾಲೆ ಬುನಾದಿ."

ಹಾರೆಯಿಂದ ಕುಟ್ಟಿ ನೋಡಿದೆವು. ಎಲ್ಲಿ ಕುಟ್ಟಿದರೂ ಫರಸಿ ಒಂದೇ ಸದ್ದು ಮಾಡಿತು. ಇಡೀ ಅಂಗಳ ಕಿತ್ತು ನೋಡಲು ಅಪ್ಪ ಒಪ್ಪಲಿಲ್ಲ. ಉಳಿದದ್ದು ನೆನಪು.

ನೆನಪಿನ ವಿಷಯದಲ್ಲಿ ಆಗ ನಾನು ಮನೆಯ ತಜ್ಞೆ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಅದರಲ್ಲಿ ಮನೋವಿಜ್ಞಾನ ಬರುತ್ತದೆ. ದಿನವೂ ಬಸ್ಸು ಹಿಡಿದು ರೋಣದ ಗ್ರಂಥಾಲಯಕ್ಕೆ ಹೋಗಿ ಮಿದುಳಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಸಂಜೆ ಮನೆಗೆ ಬಂದು ಅವನ್ನು ಮನೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ನೆನಪು ಪೆಟ್ಟಿಗೆಯಲ್ಲಿಟ್ಟ ಸೀರೆಯಲ್ಲ, ಬೇಕೆಂದಾಗ ಮಡಿಕೆ ಬಿಚ್ಚಲು. ಪ್ರತಿ ಸಲ ನೆನೆಯುವಾಗ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಕೈಗೆ ಸಿಕ್ಕ ಬೇರೆ ನೂಲನ್ನೂ ಸೇರಿಸುತ್ತದೆ ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಅವ್ವ ಪಲ್ಯ ಬಡಿಸುತ್ತಿದ್ದಳು.

ಕ್ರಮಬದ್ಧವಾಗಿ ಮಾಡಬೇಕೆಂದು ನಿರ್ಧರಿಸಿದೆ. ಹಗೇವು ಕಂಡವರು ಅಪ್ಪ, ಅವನ ಅಕ್ಕ ಅಂದರೆ ನನ್ನ ಅತ್ತಿ, ಅವನ ತಮ್ಮ ಅಂದರೆ ಕಾಕಾ, ಮತ್ತು ಆಯಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರ ಮಾತು ಇನ್ನೊಬ್ಬರ ನೆನಪಿಗೆ ಅಂಟುತ್ತದೆ. ಆದ್ದರಿಂದ ಬೇರೆ ಬೇರೆಯಾಗಿ, ಫೋನಿನಲ್ಲಲ್ಲದೆ ಎದುರು ಕೂತು ಕೇಳಿ, ಪ್ರತಿಯೊಬ್ಬರಿಂದ ಅಂಗಳದ ನಕ್ಷೆ ಬರೆಸಿಕೊಳ್ಳುವುದು. ದಿನಚರಿಯಲ್ಲಿ ತಾರೀಖು ಹಾಕಿ ಕೆಲಸ ಶುರು ಮಾಡಿದೆ.

ಅಪ್ಪ ನಕ್ಷೆ ಬರೆಯಲಿಲ್ಲ. ನೇರ ಟ್ರ್ಯಾಕ್ಟರ್ ನಿಲ್ಲುವ ಜಾಗಕ್ಕೆ ಹೋಗಿ ಹಿಮ್ಮಡಿಯಿಂದ ನೆಲ ಒದ್ದು, ಇಲ್ಲೇ ಅಂದ. ಹುಡುಗನಾಗಿದ್ದಾಗ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸಿದ್ದರಂತೆ, ತಳದಲ್ಲಿ ಉಳಿದ ಜೋಳ ಗೋರಿ ಬುಟ್ಟಿಗೆ ತುಂಬಲು. ಒಳಗೆ ಬೆಂದ ಹಾಗೆ ಸೆಕೆ, ಹುಳಿ ವಾಸನೆ. ಮೇಲೆ ನೋಡಿದರೆ ಅಜ್ಜನ ಮುಖ ನಾಕಾಣೆಯಷ್ಟು ಕಾಣುತ್ತಿತ್ತಂತೆ. ನಾನು ಅಮಿಗ್ಡಲಾ ಎಂಬ ಭಾಗದ ಬಗ್ಗೆ ವಿವರಿಸಿದೆ. ಹೆದರಿಕೆಯಾದಾಗ ಅದು ಎಚ್ಚೆತ್ತು, ಆ ಗಳಿಗೆಯನ್ನು ಗಟ್ಟಿಯಾಗಿ ಅಚ್ಚೊತ್ತಿಸುತ್ತದೆ. ಆದರೆ ಗಟ್ಟಿಯಾಗುವುದು ಚಿತ್ರದ ನಡುಭಾಗ. ಅಂಚಿನಲ್ಲಿದ್ದದ್ದು, ಅಂದರೆ ಬಾಯಿ ಅಂಗಳದ ಯಾವ ಮೂಲೆಯಲ್ಲಿತ್ತು ಎಂಬುದು, ಹಾಗೆ ಉಳಿಯಬೇಕೆಂದಿಲ್ಲ. ಅಪ್ಪ ಕೇಳಿಸಿಕೊಂಡು, ಹೆದರಿದವನು ತಾನು, ಜಾಗ ಪುಸ್ತಕಕ್ಕೆ ಹೇಗೆ ಗೊತ್ತು ಎಂದ.

ಗೌಂಡಿಗೆ ಇದನ್ನು ತಿಳಿಸಿದಾಗ ಅವನು ಒಂದು ಸಂದೇಹ ತೆಗೆದ. ಅಷ್ಟು ವರ್ಷ ಟ್ರ್ಯಾಕ್ಟರ್ ತಡೆದುಕೊಂಡ ನೆಲ ಒಂದು ಖೋಲಿಯನ್ನು ತಡೆಯುವುದಿಲ್ಲವೇ? ಅಪ್ಪ ತಡಮಾಡದೆ ಉತ್ತರ ಕೊಟ್ಟ: "ಟ್ರ್ಯಾಕ್ಟರ್ ಬಂದು ಹೋಗತೈತಿ. ಖೋಲಿ ಕುಂತ ಬಿಡತೈತಿ."

ಮಾರ್ಚ್ ೬ರಂದು ನರಗುಂದಕ್ಕೆ ಹೋದೆ. ಅತ್ತಿಯ ಮನೆ ಗುಡ್ಡದ ಬುಡದಲ್ಲಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕಾಗದ, ಪೆನ್ನು ಕೊಟ್ಟರೆ ಪಕ್ಕಕ್ಕಿಟ್ಟು, ಹಿಟ್ಟು ನಾದುವ ಕೊಣಮಿಗೆಯಲ್ಲಿದ್ದ ಒಣಹಿಟ್ಟನ್ನು ಅಂಗೈಯಿಂದ ಹರಡಿ ಅದರ ಮೇಲೆ ಬೆರಳಿನಿಂದ ಅಂಗಳ ಬರೆದಳು. ಬಾಗಿಲು, ದನಗಳ ಗ್ವಾದಲಿ, ನೀರಿನ ಬಾನಿ, ಬೇವಿನ ಗಿಡ ಎಲ್ಲವೂ ಬಂದವು. ಗಿಡದ ಬುಡದಲ್ಲಿ ಬೆರಳು ಊರಿ ಕುಳಿ ಮಾಡಿದಳು. ಜೋಳ ತೆಗೆಯುವಾಗ ಬುಟ್ಟಿ ಇಸಿದುಕೊಳ್ಳುತ್ತಾ ಆ ಬೇವಿನ ನೆರಳಿನಲ್ಲೇ ನಿಂತಿದ್ದಳಂತೆ. ಆ ಗಿಡವನ್ನು ಅತ್ತಿಯೇ ಲಗ್ನದ ವರ್ಷ ನೆಟ್ಟದ್ದು, ಆ ಹೊತ್ತಿಗೆ ಹಗೇವು ಮುಚ್ಚಿಯಾಗಿತ್ತು ಎಂದು ಅಪ್ಪ ಮೊದಲೇ ಹೇಳಿದ್ದ. ಅದನ್ನು ತಿಳಿಸಿದೆ.

"ನಿಮ್ಮಪ್ಪಗ ಚಡ್ಡಿಯ ಲಾಡಿ ಕಟ್ಟಿದಾಕಿ ನಾನು ತಂಗಿ. ಅಂವ ನನಗ ಹೇಳ್ತಾನ?"

ನೆನಪಿನಲ್ಲಿ ಖಾಲಿ ಇರುವ ಜಾಗವನ್ನು ಮಿದುಳು ಖಾಲಿ ಬಿಡುವುದಿಲ್ಲ, ಸದಾ ಅಲ್ಲಿ ಕಾಣುವ ವಸ್ತುವನ್ನು ತಂದಿಟ್ಟು ತುಂಬಿಕೊಳ್ಳುತ್ತದೆ ಎಂದು ಹೇಳಬೇಕೆಂದುಕೊಂಡೆ. ಆದರೆ ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಹೊರಡುವಾಗ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟು, ಬೇವಿನ ಗಿಡಕ್ಕೆ ಕೈ ಹಚ್ಚಬೇಡ ಎಂದು ಅಪ್ಪನಿಗೆ ಹೇಳಲು ಹೇಳಿದಳು. ಬುಡದಲ್ಲಿ ಹಗೇವು ಇದೆಯಲ್ಲ.

ಮಾರ್ಚ್ ೧೧, ಗಜೇಂದ್ರಗಡ. ಕಾಕಾನದು ಬೀಜ, ಗೊಬ್ಬರದ ಅಂಗಡಿ. ನಾನು ಪರೀಕ್ಷೆಗೆ ಕಟ್ಟಿದಾಗಿನಿಂದ ಅವನಿಗೆ ನಾನು ಅಕ್ಕೋರು, ಅಂದರೆ ಶಾಲೆಯ ಟೀಚರು. "ಬರ್ರಿ ಅಕ್ಕೋರ, ಇವತ್ತ ನಮ್ಮ ಪರೀಕ್ಷಾ ಏನ್ರಿ?" ಎಂದು ಗಿರಾಕಿಗಳೆದುರು ಸ್ಟೂಲು ಸರಿಸಿದ. ದುಡ್ಡಿನ ಗಲ್ಲೆಯ ಮೇಲೆ ಸ್ಕೇಲಿಟ್ಟು ಗೆರೆ ಹೊಡೆದು ಬರೆದುಕೊಟ್ಟ ನಕ್ಷೆ ಅವನದೇ ಅತ್ಯಂತ ಅಚ್ಚುಕಟ್ಟು. ಹಗೇವು ಪಶ್ಚಿಮದ ಗೋಡೆಯ ಬದಿಗಿತ್ತು. ಮುಂದೆ ಪಾಲಾದರೆ ಕಾಕಾನಿಗೆ ಬರಬೇಕೆಂದು ಬಾಯಿಮಾತಿನಲ್ಲಿ ಆಗಿರುವ ಅರ್ಧ ಅದು. ಹೇಗೆ ಗೊತ್ತು ಎಂದರೆ, ತನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರೆಂದ. ಸೆಕೆ, ಹುಳಿ ವಾಸನೆ, ನಾಕಾಣೆಯಷ್ಟು ಕಾಣುವ ಅಜ್ಜನ ಮುಖ. ನಾಕಾಣೆ ಎಂಬ ಮಾತೂ ಅದೇ.

ಅಪ್ಪನೂ ಹೀಗೇ ಹೇಳಿದನೆಂದೆ. ಕಾಕಾ ನಗಲಿಲ್ಲ. ಅಣ್ಣ ಆಗ ಬಾಯಿಯ ಹತ್ತಿರ ಬರಲೂ ಅಂಜಿ ಅಳುತ್ತಿದ್ದ, ಇಳಿದವನು ತಾನು, ಆ ಕಥೆಯನ್ನು ಕೇಳಿ ಕೇಳಿ ಅಣ್ಣ ಈಗ ಅದನ್ನು ತನ್ನದು ಮಾಡಿಕೊಂಡಿದ್ದಾನೆ ಎಂದ. ಇದು ಪುಸ್ತಕದಲ್ಲಿದೆ. ಒಂದೇ ಮನೆಯಲ್ಲಿ ಬೆಳೆದವರು ಒಂದು ಕಥೆಯನ್ನು ಅಷ್ಟು ಸಲ ಹೇಳಿಕೊಂಡರೆ, ಕೇಳಿದವನ ಮಿದುಳು ಅದಕ್ಕೆ ಚಿತ್ರ ಬರೆದುಕೊಳ್ಳುತ್ತದೆ; ಚಿತ್ರ ಉಳಿಯುತ್ತದೆ, ಎಲ್ಲಿಂದ ಬಂತು ಎಂಬುದು ಅಳಿಯುತ್ತದೆ. ಯಾರು ಇಳಿದವರು, ಯಾರು ಕೇಳಿದವರು ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಅಪ್ಪನಿಗೂ ಕಾಕಾನಿಗೂ ಈ ಸಂಗತಿಯನ್ನು ತಿಳಿಸಿದ್ದರಿಂದ ಆದ ಪರಿಣಾಮವೆಂದರೆ, ಒಂದು ತಿಂಗಳು ಅವರಿಬ್ಬರ ಮಾತುಕತೆ ನನ್ನ ಮೂಲಕ ನಡೆಯಿತು.

ಆಯಿಯನ್ನು ಕೇಳಿದ್ದು ಕೊನೆಯಲ್ಲಿ. ಹುಣಸೆ ಗಿಡದ ಪೂರ್ವಕ್ಕೆ ಎಂಟು ಹೆಜ್ಜೆ ಎಂದು ತಟ್ಟನೆ ಹೇಳಿದಳು. ನಮ್ಮ ಅಂಗಳದಲ್ಲಿ ಹುಣಸೆ ಗಿಡ ಇಲ್ಲ, ಇರಲೂ ಇಲ್ಲ. ಹುಣಸೆ ಗಿಡ ಇರುವುದು ಲಕ್ಕಲಕಟ್ಟಿಯಲ್ಲಿ, ಅವಳ ತವರಿನಲ್ಲಿ. ಮುಪ್ಪಿನಲ್ಲಿ ನಿನ್ನೆಯದು ಜಾರಿ, ಹರೆಯದ ವರ್ಷಗಳು ಹತ್ತಿರ ಬರುತ್ತವೆ ಎಂದು ಓದಿದ್ದೆ. ಉದಾಹರಣೆ ಇಷ್ಟು ಸರಿಯಾಗಿ ಸಿಕ್ಕಿದ್ದಕ್ಕೆ ಖುಷಿಯಾಯಿತು. ಅಪ್ಪನೂ ನಾನೂ ಅವಳದನ್ನು ಲೆಕ್ಕದಿಂದ ಬಿಟ್ಟೆವು. ಯಾರ ಖೋಲಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವಳ ಮಾತು ಹೀಗೆ ಮೊದಲು ಹೊರಗೆ ಹೋಯಿತು. ಆಗ ಇದು ನನಗೆ ವಿಚಿತ್ರ ಅನಿಸಲಿಲ್ಲ.

ಇನ್ನು ನನ್ನ ನೆನಪು. ಇವರೆಲ್ಲರಿಗಿಂತ ನನ್ನದೇ ಸ್ಪಷ್ಟವಾಗಿತ್ತು. ನಾನು ಓದುವ ಕೋಣೆಯ ಕಿಟಕಿಯ ಹೊರಗೆ ಚಪ್ಪಡಿ ಎತ್ತಿದ್ದಾರೆ. ಕೆಟ್ಟ ಗಾಳಿ ಹೋಯಿತೇ ಎಂದು ನೋಡಲು ಅಜ್ಜ ಕಂದೀಲು ಇಳಿಬಿಡುತ್ತಿದ್ದಾನೆ. ಕಂದೀಲಿನ ಬೆಳಕು ತಿರುಗುತ್ತಾ ಕೆಳಗೆ ಹೋಗುತ್ತದೆ. ನನ್ನ ಕೈಯಲ್ಲಿ ಬೆಲ್ಲ. ಬೆಲ್ಲ ಬೆರಳಿಗೆ ಅಂಟಿದ್ದೂ ನೆನಪಿದೆ. ಒಂದು ಸಂಜೆ ಇದನ್ನು ಅವ್ವನಿಗೆ ಹೇಳಿದೆ, ನಿರ್ಣಾಯಕ ಸಾಕ್ಷಿ ಎಂಬಂತೆ. ಅವ್ವ ಕಾಳು ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ನಾ ಈ ಮನಿಗೆ ಬರೂದ್ರಾಗ ಹಗೇವು ಮುಚ್ಚಿತ್ತು. ನೀ ನನಕಿಂತ ಮೊದಲ ಬಂದಿದ್ದೇನವ್ವಾ?"

ತಾಯಿ ಮನೆಗೆ ಬರುವ ಮೊದಲೇ ಮುಚ್ಚಿದ ಹಗೇವಿನ ಪಕ್ಕ ಮಗಳು ಬೆಲ್ಲ ತಿನ್ನುತ್ತಾ ನಿಲ್ಲಲಾರಳು. ಇದಕ್ಕೆ ಪುಸ್ತಕ ಬೇಕಿಲ್ಲ. ಆದರೂ ನಾನು ಪುಸ್ತಕಕ್ಕೇ ಹೋದೆ. ಚಿಕ್ಕವರಿದ್ದಾಗ ಕೇಳಿದ ಕಥೆ, ಬೇರೆ ಯಾರದೋ ಕಂದೀಲು, ಬೇರೆ ಯಾವುದೋ ದಿನದ ಬೆಲ್ಲ ಸೇರಿ ಹೀಗೆ ಒಂದು ನೆನಪು ಆಗಬಹುದು. ಅದಕ್ಕೂ ಖರೆ ನೆನಪಿಗೂ ಒಳಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಖಾತ್ರಿ ಎನಿಸುವುದು ಖರೆ ಇರುವುದಕ್ಕೆ ಪುರಾವೆ ಅಲ್ಲ. ಇವನ್ನೆಲ್ಲ ನಾನು ಅಡಿಗೆರೆ ಹಾಕಿ ಓದಿದ್ದೆ. ಓದಿಯೂ ಆ ರಾತ್ರಿ ದಿನಚರಿಯಲ್ಲಿ ಬರೆದದ್ದು ಹೀಗೆ: ಅವ್ವನಿಗೆ ಲಗ್ನದ ವರ್ಷ ಸರಿಯಾಗಿ ನೆನಪಿಲ್ಲ.

ಏಪ್ರಿಲ್ ೨೦, ಭಾನುವಾರ. ಮಳೆಗಾಲ ಹತ್ತಿರ ಬರುತ್ತಿತ್ತು, ಖೋಲಿಯ ಒಂದು ಕಲ್ಲೂ ಬಿದ್ದಿರಲಿಲ್ಲ. ಅತ್ತಿ ನರಗುಂದದಿಂದ, ಕಾಕಾ ಗಜೇಂದ್ರಗಡದಿಂದ ಬಂದರು. ಗೌಂಡಿಯೂ ಬಂದ. ನಾನು ರಂಗೋಲಿ ಹಿಟ್ಟಿನಿಂದ ಪ್ರತಿಯೊಬ್ಬರ ಹಗೇವಿಗೆ ಒಂದೊಂದು ವೃತ್ತ ಬರೆದೆ: ಟ್ರ್ಯಾಕ್ಟರ್ ಹತ್ತಿರ ಅಪ್ಪನದು, ಬೇವಿನ ಬುಡದಲ್ಲಿ ಅತ್ತಿಯದು, ಪಶ್ಚಿಮದ ಗೋಡೆಗೆ ಕಾಕಾನದು, ಕಿಟಕಿಯ ಹೊರಗೆ ನನ್ನದು. ಹಗೇವಿನ ಹೊಟ್ಟೆ ಬಾಯಿಗಿಂತ ಅಗಲ ಎಂದು ಗೌಂಡಿ ನೆನಪಿಸಿದ್ದರಿಂದ ವೃತ್ತಗಳನ್ನು ದೊಡ್ಡದಾಗಿಯೇ ಬರೆದೆ. ಮುಗಿದಾಗ ನೋಡಿದರೆ ಖೋಲಿ ಕಟ್ಟಲು ಅಂಗಳದಲ್ಲಿ ಜಾಗವೇ ಉಳಿದಿರಲಿಲ್ಲ. ಗೌಂಡಿ ತನ್ನ ಟೇಪನ್ನು ಚೀಲದಿಂದ ತೆಗೆಯಲೇ ಇಲ್ಲ.

ವಾದ ಶುರುವಾಯಿತು. ನನಗೆ ಚಲೋ ನೆನಪೈತಿ ಎಂಬ ಮಾತನ್ನು ಲೆಕ್ಕ ಇಟ್ಟೆ; ಚಹಾ ಬರುವುದರೊಳಗೆ ಹದಿನಾಲ್ಕು. ಅದರಲ್ಲಿ ಮೂರು ನನ್ನವು.

ಆಯಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ನಡುವೆ ಬಚ್ಚಲಿಗೆ ಹೋಗಬೇಕೆಂದಳು. ಅವ್ವ ಒಂದು ರಟ್ಟೆ ಹಿಡಿದಳು, ನಾನು ಇನ್ನೊಂದು ಹಿಡಿದೆ. ಅಂಗಳ ದಾಟುವುದೆಂದರೆ ವೃತ್ತಗಳನ್ನು ತುಳಿದೇ ಹೋಗಬೇಕು. ಅವಳು ಪ್ರತಿ ಹೆಜ್ಜೆಗೂ ನಿಂತು ಉಸಿರು ಬಿಡುತ್ತಿದ್ದಳು. ವಾದ ಮಾಡುತ್ತಿದ್ದವರು ದಾರಿ ಬಿಟ್ಟು ನಿಂತರು. ವಾಪಸು ಬರುವಾಗ ಅಂಗಳದ ನಡುವೆ ಕಾಲು ಸೋತಿತು. ಅವ್ವ ಕುರ್ಚಿ ತರಿಸಿ ಅಲ್ಲೇ ಕೂರಿಸಿದಳು. ಆಯಿ ಸುತ್ತಲೂ ನೋಡಿದಳು. ಟ್ರ್ಯಾಕ್ಟರ್ ನೋಡಿದಳು, ಬೇವಿನ ಗಿಡ ನೋಡಿದಳು, ಗೋಡೆ ನೋಡಿದಳು, ನನ್ನ ಕಿಟಕಿ ನೋಡಿದಳು.

"ಖೋಲಿ ಬಂದ್ರ ಟ್ರ್ಯಾಕ್ಟರ್ ಬಿಸಲಿಗೆ ಬೀಳತೈತಿ, ಅಲ್ಲಿ ಇವಂದು ಹಗೇವು. ಗಿಡಾ ಹೋಗತೈತಿ, ಅಲ್ಲಿ ಅಕೀದು. ಪಾಲು ಹೋಗತೈತಿ, ಅಲ್ಲಿ ಅಂವಂದು. ಕಿಡಕಿ ಕತ್ತಲಾಗತೈತಿ, ಅಲ್ಲಿ ಈಕೀದು. ಹಗೇವು ಎಲ್ಲೈತಿ ಅನ್ನೂದು ಯಾರಿಗೂ ನೆನಪಿಲ್ಲ. ಖೋಲಿ ಎಲ್ಲಿ ಬ್ಯಾಡ ಅನ್ನೂದು ಎಲ್ಲಾರಿಗೂ ಚಲೋ ನೆನಪೈತಿ."

ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟ. ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಇದಕ್ಕೂ ನನ್ನ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ಮನಸ್ಸು ಮೊದಲು ತನಗೆ ಬೇಕಾದ ತೀರ್ಮಾನಕ್ಕೆ ಬಂದು, ಆಮೇಲೆ ಅದಕ್ಕೆ ಬೇಕಾದ ಕಾರಣಗಳನ್ನೂ ನೆನಪುಗಳನ್ನೂ ಕೂಡಿಸಿಕೊಳ್ಳುತ್ತದೆ. ಮೋಸ ಮಾಡುತ್ತಿದ್ದೇನೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ನಾನು ಆ ಅಧ್ಯಾಯದಿಂದ ಎರಡು ಅಂಕದ ಪ್ರಶ್ನೆ ಬರಬಹುದೆಂದು ಗುರುತು ಹಾಕಿದ್ದೆ. ಉಳಿದವರ ತಪ್ಪು ನೆನಪಿಗೆಲ್ಲ ನನ್ನ ಬಳಿ ಒಂದೊಂದು ಹೆಸರಿತ್ತು. ನನ್ನದನ್ನು ಮಾತ್ರ ನೆನಪು ಎಂದು ಕರೆಯುತ್ತಿದ್ದೆ.

ಆಯಿ ಕೋಲನ್ನು ನನ್ನ ವೃತ್ತದ ಕಡೆಗೆ ಚಾಚಿ ಗೌಂಡಿಗೆ ಹೇಳಿದಳು: "ಇಲ್ಲಿ ತೋಡಪ್ಪ. ಈ ಮೂವರು ಹಗೇವು ಕಂಡವರು, ಯಾರದರೆ ಒಬ್ಬರದು ಖರೇ ಇದ್ದೀತು. ಈಕಿ ಹುಟ್ಟೂಕಿಂತ ಮೊದಲಿಂದು ನೆನಸ್ತಾಳ. ಇದೊಂದು ಸುಳ್ಳಂತ ಖಾತ್ರಿ ಐತಿ."

ಗೌಂಡಿಗೆ ಇದು ಸರಿ ಎನಿಸಿತು. ನಾನು ಆಕ್ಷೇಪಣೆ ತೆಗೆದೆ. ನೆನಪು ಸುಳ್ಳಾದ ಮಾತ್ರಕ್ಕೆ ಅಲ್ಲಿ ಹಗೇವು ಇಲ್ಲವೆಂದು ತರ್ಕದ ಪ್ರಕಾರ ಹೇಳಲಾಗದು, ಸುಳ್ಳು ನೆನಪೂ ಅಕಸ್ಮಾತ್ತಾಗಿ ಸರಿಯಾದ ಜಾಗ ತೋರಿಸಬಹುದು ಎಂದೆ. ತರ್ಕ ನಿರ್ದೋಷವಾಗಿತ್ತು. ಅವ್ವ ನನ್ನನ್ನು ನೋಡಿದಳು. ಕಿಟಕಿಯನ್ನು ಉಳಿಸಿಕೊಳ್ಳಲು ನಾನು ಇನ್ನೂ ಹೋರಾಡುತ್ತಿದ್ದೇನೆ ಎಂಬುದು ಅವಳಿಗೆ ನನಗಿಂತ ಮೊದಲು ತಿಳಿಯಿತು. ನಾನು ಹೋಗಿ ಗೌಂಡಿಗೆ ಹಾರೆ ತಂದುಕೊಟ್ಟೆ.

ಫರಸಿ ಎತ್ತಿದರು. ಗರಸು, ಅದರ ಕೆಳಗೆ ಇನ್ನೊಂದು ಗರಸು, ಆಮೇಲೆ ಗಟ್ಟಿ ನೆಲ. ಬುನಾದಿಯ ಆಳಕ್ಕಿಂತಲೂ ಕೆಳಗೆ ಹೋಗಿ, ಹಾರೆ ಹಾಕಿ ನಾಲ್ಕೂ ಮೂಲೆ ಪರೀಕ್ಷಿಸಿದರು. ಚಪ್ಪಡಿ ಇರಲಿಲ್ಲ, ಟೊಳ್ಳು ಇರಲಿಲ್ಲ. ನಾನು ಕುಳಿಯ ಅಂಚಿನಲ್ಲಿ ನಿಂತು ನೋಡಿದೆ. ವಿಚಿತ್ರವೆಂದರೆ, ಕಂದೀಲು ಇಳಿಯುತ್ತಿರುವುದು ಆಗಲೂ ಕಾಣುತ್ತಿತ್ತು. ಈಗಲೂ ಕಾಣುತ್ತದೆ. ಸುಳ್ಳೆಂದು ತಿಳಿದ ಮೇಲೆ ಅದು ಮಸುಕಾಗಬೇಕಿತ್ತು, ಆಗಿಲ್ಲ.

ಮೇ ತಿಂಗಳ ಕೊನೆಗೆ ಖೋಲಿ ಮುಗಿಯಿತು. ಹಾಸಿಗೆಯಿಂದ ಪಾಯಖಾನೆಗೆ ಐದು ಹೆಜ್ಜೆ, ಗೋಡೆಗೆ ಹಿಡಿಕೆ. ಆಯಿ ಈಗ ದಿನಕ್ಕೆ ಆರು ಲೋಟ ನೀರು ಕುಡಿಯುತ್ತಾಳೆ. ನನ್ನ ಕೋಣೆಗೆ ಹಗಲಿನಲ್ಲೂ ದೀಪ ಬೇಕು. ಕಿಟಕಿಯ ಹೊರಗೆ ಹಗೇವು ಇಲ್ಲವೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ. ಕಾಕಾನೂ ಹಾಗೇ ಹೇಳುತ್ತಾನೆ, ಅತ್ತಿಯೂ. ಫಲಿತಾಂಶ ತಿಳಿದ ಮೇಲೆ ಎಲ್ಲರಿಗೂ ಅದು ಮೊದಲೇ ಗೊತ್ತಿತ್ತು ಎನಿಸುತ್ತದೆ. ಅದಕ್ಕೂ ಪುಸ್ತಕದಲ್ಲಿ ಹೆಸರಿದೆ. ಹೆಸರು ಹೇಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಆದರೆ ಕೆಲಸ ಮುಗಿದಿಲ್ಲ. ಹೊಸ ಬಚ್ಚಲಿನ ನೀರು ಈಗ ಓಣಿಗೆ ಹರಿಯುತ್ತಿದೆ, ಎದುರು ಮನೆಯವರು ಎರಡು ಸಲ ಬಂದು ಹೋದರು. ಇಂಗುಗುಂಡಿ ತೋಡದಿದ್ದರೆ ಬಚ್ಚಲು ಬಂದ್ ಮಾಡಬೇಕಾದೀತು. ಬಂದ್ ಆದರೆ ಆಯಿ ಮತ್ತೆ ಲೋಟ ದೂರ ಸರಿಸುತ್ತಾಳೆ. ಇಂಗುಗುಂಡಿಗೆ ವಾಸನೆ ಇರುತ್ತದೆ, ಅದು ತನ್ನ ಹತ್ತಿರ ಬೇಡವೆಂದು ಪ್ರತಿಯೊಬ್ಬರಿಗೂ ಅನಿಸುತ್ತದೆ. ಕಳೆದ ವಾರದಿಂದ ಹಗೇವು ಮತ್ತೆ ಸರಿಯತೊಡಗಿದೆ. ಅಪ್ಪನದು ಟ್ರ್ಯಾಕ್ಟರ್ ಬಿಟ್ಟು ಅವನು ಮಲಗುವ ಪಡಸಾಲೆಯ ಎದುರಿಗೆ ಬಂದಿದೆ. ನನಗೂ ನಿನ್ನೆಯಿಂದ, ಕಂದೀಲು ಇಳಿದದ್ದು ಕಿಟಕಿಯ ಹತ್ತಿರವಲ್ಲ, ಬಾಗಿಲಿನ ಹತ್ತಿರ ಇರಬಹುದೇ ಎಂದು ಅನಿಸುತ್ತಿದೆ.

ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಹಳೆಯ ಮನೆಗಳಲ್ಲಿ ಹೀಗೆ ಗುರುತಿಲ್ಲದೆ ಮುಚ್ಚಿದ ಹಗೇವುಗಳು ಇನ್ನೂ ಇರಬೇಕು. ಅಂಥದನ್ನು ಯಾರಾದರೂ ಹುಡುಕಿ ತೆಗೆದಿದ್ದರೆ, ಫರಸಿ ಕೀಳದೆ ಕಂಡುಹಿಡಿಯುವ ಉಪಾಯ ಬಲ್ಲವರಿದ್ದರೆ, ಬರೆದು ತಿಳಿಸಿ. ದೊಡ್ಡ ಮಳೆಗಿಂತ ಮೊದಲು ತಿಳಿದರೆ ಉಪಕಾರವಾಗುತ್ತದೆ. ಬರೆಯುವಾಗ ಹಗೇವು ಎಲ್ಲಿತ್ತು ಎಂಬುದರ ಜೊತೆಗೆ, ಅಲ್ಲಿ ಏನನ್ನು ಕಟ್ಟುವುದು ನಿಮಗೆ ಬೇಡವಾಗಿತ್ತು ಎಂಬುದನ್ನೂ ದಯವಿಟ್ಟು ಬರೆಯಿರಿ.